ಗಲ್ಲು ಬೇಕೆಂದು ಸಹಿ ಹಾಕಿಸಿದವಳು ನಾನು

ನನ್ನ ದೊಡ್ಡಾಯಿ, ಅಂದರೆ ಆಯಿಯ (ಅಮ್ಮನ) ಅಕ್ಕ, 2021ರ ಅಕ್ಟೋಬರಿನಲ್ಲಿ ಕೊಲೆಯಾದಳು. ಅವಳ ಮನೆ ಶಿರಸಿ ಪೇಟೆಯಿಂದ 19 ಕಿಲೋಮೀಟರ್ ಒಳಗೆ. ಮುಂದೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. ಕೂಗಿದರೆ ಪಕ್ಕದ ಮನೆಗೆ ಕೇಳುವುದಿಲ್ಲ. ನಮ್ಮ ಕಡೆಯ ಒಂಟಿ ಮನೆಗಳನ್ನು ನೋಡಿದವರಿಗೆ ಜಾಸ್ತಿ ಹೇಳಬೇಕಾಗಿಲ್ಲ. ಅವಳಿಗೆ 71 ವರ್ಷ. ಕೊಂದವನು ಎರಡು ಕೊಯ್ಲಿನ ಕಾಲ ಅದೇ ತೋಟದಲ್ಲಿ ಕೆಲಸ ಮಾಡಿದವನು. ಅವನಿಗೆ ಅವಳು ಎಷ್ಟು ಸಲ ಆಸರಿಗೆ (ಕುಡಿಯಲು) ಕೊಟ್ಟಿದ್ದಳೋ. ಹೋಗಿದ್ದು ಒಂದು ಸರ, ನಾಲ್ಕು ಬಳೆ.

ಅವಳ ಕಿರಿಮಗ, ನನಗೆ ಅಣ್ಣ, ಪೋಲಿಯೋದಿಂದ ಎರಡೂ ಕಾಲು ಸೋತವನು. ಅವತ್ತು ರಾತ್ರಿ ನಮ್ಮನೆಯಲ್ಲಿದ್ದ. ಮರುದಿನ ಪೇಟೆಯಲ್ಲಿ ಹಲ್ಲು ಕೀಳಿಸುವುದಿತ್ತು. ಆ ಹಲ್ಲು ಅವನನ್ನು ಉಳಿಸಿತು. ಈಗಲೂ ನಮ್ಮ ಜೊತೆಯೇ ಇದ್ದಾನೆ.

ಆ ರಾತ್ರಿಯ ಬಗ್ಗೆ ಇಷ್ಟೇ ಬರೆಯುತ್ತೇನೆ. ಮುಂದಿನದೆಲ್ಲ ಗಲ್ಲುಶಿಕ್ಷೆಯ ಚರ್ಚೆಗೆ ನಾನು ಇಳಿದ ಕಥೆ. ನಿಮ್ಮ ಮನೆಗೆ ಇಂಥ ಸಂಕಟ ಬರದಿರಲಿ. ಬಂದರೆ ಯಾರಾದರೂ ನಿಮ್ಮ ಕೈಗೆ ಮೈಕ್ ಕೊಟ್ಟೇ ಕೊಡುತ್ತಾರೆ. ಅದನ್ನು ಹಿಡಿಯುವ ಮೊದಲು ಏನೇನು ಗೊತ್ತಿರಬೇಕಿತ್ತು ಎಂದು ನನಗೆ ತಿಳಿಯಲು ಒಂದು ವರ್ಷ ಬೇಕಾಯಿತು.

ತೀರ್ಪು ಬಂದಿದ್ದು 2024ರ ಜೂನ್‌ನಲ್ಲಿ. ಅಷ್ಟರಲ್ಲಿ 30ಕ್ಕೂ ಜಾಸ್ತಿ ತಾರೀಕುಗಳಿಗೆ ಓಡಾಡಿದ್ದೆ. ಅರ್ಧ ತಾರೀಕು ಏನೂ ನಡೆಯದೆ ಮುಂದಕ್ಕೆ ಹೋಗುತ್ತಿದ್ದವು. ಅವನು ತಪ್ಪಿತಸ್ಥ ಎಂದು ನ್ಯಾಯಾಧೀಶರು ಹೇಳಿದ ಮೇಲೆ, ಶಿಕ್ಷೆಯ ಬಗ್ಗೆ ಹೇಳುವುದೇನಾದರೂ ಇದೆಯೇ ಎಂದು ಅವನನ್ನೇ ಕೇಳಿದರು. ಅವನು ತಲೆ ಅಲ್ಲಾಡಿಸಿದ. ಅವನ ವಕೀಲರು, ಬಡವ, ಸಣ್ಣ ಮಕ್ಕಳಿದ್ದಾರೆ ಎಂದರು. ಹತ್ತು ನಿಮಿಷವೂ ಆಗಿರಲಿಲ್ಲ. ಮಧ್ಯಾಹ್ನದ ಮೇಲೆ ಜೀವಾವಧಿ ಎಂದು ಓದಿದರು.

ಹೊರಗೆ ನಮ್ಮೂರಿನ ಒಂದು ಜೀಪು ಜನ ಕಾಯುತ್ತಿದ್ದರು. ‘ಜೀವಾವಧಿ ಅಂದ್ರೆ 14 ವರ್ಷ. ಹೊರಗೆ ಬಂದು ಇನ್ನೊಂದು ಒಂಟಿ ಮನೆ ಹುಡುಕ್ತಾನೆ’ ಎಂದರು ಒಬ್ಬರು. ನಾನು ಹೌದು ಎಂದೆ. ಬೆಂಗಳೂರಿನಲ್ಲಿರುವ ಅಕ್ಕ, ದೊಡ್ಡಾಯಿಯ ಮಗಳು, ಫೋನಿನಲ್ಲಿ ಒಂದೇ ಸಮನೆ ಅತ್ತಳು. ‘ನನ್ನ ಆಯಿಗೆ ಆದದ್ದು ಅವನಿಗೆ ಆಗಲೇಬೇಕು’ ಎಂದಳು. ಅದಕ್ಕೂ ಹೌದು ಎಂದೆ.

ಮೂರನೇ ದಿನ ನಮ್ಮನೆ ಜಗುಲಿಯಲ್ಲಿ ಸಭೆ ಸೇರಿತು. ಮರಣದಂಡನೆ ಕೇಳಿ ಸರ್ಕಾರ ಹೈಕೋರ್ಟಿಗೆ ಹೋಗಬೇಕು, ಅದಕ್ಕೆ ಸಹಿ ಸಂಗ್ರಹ ಆಗಬೇಕು ಎಂದು ತೀರ್ಮಾನವಾಯಿತು. ಮುಂದೆ ನಿಲ್ಲಲು ಒಬ್ಬರು ಬೇಕಿತ್ತು. ‘ನೀನೇ ಆಗು ತಂಗಿ. ಮನೆಯವಳು, ಮಾತಾಡಲೂ ಬರ್ತದೆ’ ಎಂದರು. ನಾನು ಅಡಿಕೆ ಸೊಸೈಟಿಯೊಂದರಲ್ಲಿ ಗುಮಾಸ್ತೆ. ಅರ್ಜಿ ಬರೆದು ರೂಢಿ ಇತ್ತು. ಒಪ್ಪಿಕೊಂಡೆ.

23 ದಿನದಲ್ಲಿ 1,140 ಸಹಿ ಆಯಿತು. ಸಂತೆ ದಿನ ಬಿಡ್ಕಿಬೈಲಿನಲ್ಲಿ ಮಳೆಯಲ್ಲಿ ಕೊಡೆ ಹಿಡಿದು ನಿಂತೆ. ಸೊಸೈಟಿಗೆ ಅಡಿಕೆ ತಂದವರ ಹತ್ತಿರ ಹಾಕಿಸಿದೆ. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಬೇಡ ಎಂದವರು ಇಬ್ಬರೇ. ಅದರಲ್ಲಿ ಒಬ್ಬರು ನಮಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮಾಸ್ತರು, ತಾಳಮದ್ದಳೆಯ (ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಅರ್ಥಧಾರಿ. ಹಾಳೆಯನ್ನು ಪೂರ್ತಿ ಓದಿದರು, ವಾಪಸ್ ಕೊಟ್ಟರು. ‘ತಂಗೀ, ನಾನು ಹಾಕುವುದಿಲ್ಲ. ಯಾಕೆ ಎಂದು ಇವತ್ತು ಹೇಳುವುದೂ ಇಲ್ಲ, ನಿನ್ನ ದುಃಖ ಇನ್ನೂ ಹಸಿ. ಯಾವಾಗಾದರೂ ಬಾ, ಮಾತಾಡೋಣ’ ಎಂದರು. ಸಿಟ್ಟು ಬಂತು. ಅವರ ಮನೆ ಕಷಾಯ ಮುಟ್ಟದೆ ಎದ್ದು ಬಂದೆ.

ಸಹಿ ಸಂಗ್ರಹಿಸುವವರಿಗೆ ಒಂದು ಮಾತು. ಬೇಡಿಕೆಯನ್ನು ಪ್ರತಿ ಹಾಳೆಯ ತಲೆಯ ಮೇಲೂ ಬರೆಯಿರಿ. ನಾವು ಮೊದಲ ಹಾಳೆಯಲ್ಲಿ ಮಾತ್ರ ಬರೆದಿದ್ದೆವು. ಉಳಿದವು ಬರೀ ಹೆಸರಿನ ಪಟ್ಟಿಯಾಗಿ ಕಂಡವು, 300 ಸಹಿ ಮತ್ತೆ ಹಾಕಿಸಬೇಕಾಯಿತು. ಪುಟ ಸಂಖ್ಯೆ ಹಾಕಿ. ಪೂರ್ತಿ ಜೆರಾಕ್ಸ್ ಇಟ್ಟುಕೊಳ್ಳಿ.

ಜುಲೈ 18ಕ್ಕೆ ಕಾರವಾರಕ್ಕೆ ಹೋಗುವುದಿತ್ತು. 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಗಂಗಾವಳಿಯಲ್ಲಿ ಶವಗಳನ್ನು ಹುಡುಕುತ್ತಿದ್ದರು. ಆ ದಿನಗಳಲ್ಲಿ ಸಾವು ಕೇಳುವ ಅರ್ಜಿ ಹಿಡಿದು ಹೋಗಲು ಮನಸ್ಸು ಬರಲಿಲ್ಲ. ಹತ್ತು ದಿನ ಬಿಟ್ಟು ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ಸುತ್ತಿ ಹೋದೆವು. ಬಸ್ಸಿನಲ್ಲಿ ಐದು ತಾಸು. ಶಕ್ತಿ ಯೋಜನೆ ಇದ್ದುದರಿಂದ ನನಗೆ ಟಿಕೆಟ್ ಇಲ್ಲ, ಜೊತೆಗೆ ಬಂದ ಇಬ್ಬರಿಗೆ ಮಾತ್ರ.

ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೆಲಸ 20 ನಿಮಿಷದಲ್ಲಿ ಮುಗಿಯಿತು. ಮನವಿಯನ್ನು ಸರ್ಕಾರಕ್ಕೆ ಕಳಿಸುತ್ತೇವೆ ಎಂದರು. ನಮ್ಮ ಪ್ರತಿಗೆ ಟಪಾಲು ವಿಭಾಗದಲ್ಲಿ ಸೀಲು ಮತ್ತು ತಾರೀಕು ಹಾಕಿಸಿಕೊಂಡೆ. ಅದನ್ನು ಯಾರೂ ಮರೆಯಬೇಡಿ, ಸೀಲು ಇಲ್ಲದ ಪ್ರತಿಗೆ ಬೆಲೆ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೂತು ಅಣ್ಣನಿಗೆ ಫೋನ್ ಮಾಡಿದೆ. ಕೊಟ್ಟಾಯಿತು ಎಂದೆ. ‘ಹೌದಾ’ ಎಂದ. ಸ್ವಲ್ಪ ಹೊತ್ತು ಬಿಟ್ಟು, ‘ಬರುವಾಗ ನೋವಿನ ಎಣ್ಣೆ ತಗೊಂಡು ಬಾ, ಮುಗಿದಿದೆ’ ಎಂದ. ಅಷ್ಟೇ.

ಆಗಸ್ಟ್ ಮುಗಿದರೂ ಯಾವ ಉತ್ತರವೂ ಬರಲಿಲ್ಲ. ನಾವೇ ಹೈಕೋರ್ಟಿಗೆ ಹೋಗೋಣ ಎಂದಳು ಅಕ್ಕ. ನಮ್ಮ ಜಿಲ್ಲೆ ಧಾರವಾಡ ಪೀಠಕ್ಕೆ ಸೇರುತ್ತದೆ. ಪರಿಚಯದವರ ಮೂಲಕ ಅಲ್ಲಿನ ಒಬ್ಬ ವಕೀಲೆಯನ್ನು ಕಂಡೆ. ನನಗಿಂತ ಸಣ್ಣವರು. ಕೇಸಿನ ಕಾಗದ ತೆಗೆಯುವ ಮೊದಲು ‘ಊಟ ಆಯ್ತಾ ಅಕ್ಕಾ?’ ಎಂದು ಕೇಳಿದರು. ಆಮೇಲೆ ಹೇಳಿದ ಮೊದಲ ಮಾತಿಗೇ ನನ್ನ ಕೈಕಾಲು ತಣ್ಣಗಾಯಿತು. ಶಿಕ್ಷೆ ಕಡಿಮೆಯಾಯಿತು, ಜಾಸ್ತಿ ಮಾಡಿ ಎಂದು ಮನೆಯವರು ಮೇಲ್ಮನವಿ ಹಾಕುವಂತಿಲ್ಲ.

ಆರೋಪಿ ಬಿಡುಗಡೆಯಾದರೆ ಮನೆಯವರು ಮೇಲ್ಮನವಿ ಹಾಕಬಹುದು. ಸಣ್ಣ ಅಪರಾಧಕ್ಕೆ ಮಾತ್ರ ಶಿಕ್ಷೆ ಕೊಟ್ಟರೆ ಹಾಕಬಹುದು. ಪರಿಹಾರ ಸಾಲದು ಎಂದೂ ಹಾಕಬಹುದು. ಶಿಕ್ಷೆ ಏರಿಸಿ ಎಂದು ಕೇಳುವ ಹಕ್ಕು ಮಾತ್ರ ಸರ್ಕಾರದ್ದು. ಸುಪ್ರೀಂ ಕೋರ್ಟ್ 2020ರಲ್ಲಿ ಇದನ್ನು ಮತ್ತೊಮ್ಮೆ ಸ್ಪಷ್ಟ ಮಾಡಿದೆ. ಸರ್ಕಾರ ಹಾಗೆ ಕೇಳಿದರೆ, ಅದೇ ಮೇಲ್ಮನವಿಯಲ್ಲಿ ಅಪರಾಧಿ ತನ್ನನ್ನು ಪೂರ್ತಿ ಬಿಡಿ ಎಂದೂ ವಾದಿಸಬಹುದು. 1,140 ಜನ ಸಹಿ ಹಾಕಿದ್ದರಲ್ಲಿ ಒಬ್ಬರಿಗೂ, ಹಾಕಿಸಿದ ನನಗೂ, ಇದು ಗೊತ್ತಿರಲಿಲ್ಲ.

ಎರಡನೆಯದು, ಆ 14 ವರ್ಷದ ಮಾತು. ಜೀವಾವಧಿ ಎಂದರೆ ಜೀವ ಇರುವವರೆಗೆ. ಕೊಲೆಯಂಥ ಅಪರಾಧದಲ್ಲಿ 14 ವರ್ಷ ಜೈಲಿನಲ್ಲಿ ಕಳೆಯುವ ಮೊದಲು ಸರ್ಕಾರ ಬಿಡುಗಡೆ ಮಾಡುವಂತಿಲ್ಲ. ಆದರೆ 14 ಆದ ಕೂಡಲೇ ಬಾಗಿಲು ತಾನಾಗಿ ತೆರೆಯುವುದೂ ಇಲ್ಲ. ಮಧ್ಯದ ದಾರಿಯೂ ಇದೆ. ಕರ್ನಾಟಕದ್ದೇ ಕೇಸು, ಸ್ವಾಮಿ ಶ್ರದ್ಧಾನಂದನದು. ಅದರಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಗಲ್ಲನ್ನು ತೆಗೆದು, ಸಾಯುವವರೆಗೆ ಹೊರಗೆ ಬಿಡಬಾರದು ಎಂದಿತು. ಅಂಥ ಶಿಕ್ಷೆ ಸರಿ, ಆದರೆ ಅದನ್ನು ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಮಾತ್ರ ಕೊಡಬಹುದು ಎಂದು 2015ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠದಲ್ಲಿ ತೀರ್ಮಾನವಾಯಿತು.

‘ಗಲ್ಲು ಆಗಿದ್ದರೆ ಏನಾಗುತ್ತಿತ್ತು ಮೇಡಂ?’ ಎಂದು ಕೇಳಿದೆ. ಅವರು ಬೆರಳು ಮಡಚುತ್ತಾ ಹೋದರು. ಹೈಕೋರ್ಟ್ ಒಪ್ಪದೆ ಗಲ್ಲು ಜಾರಿಯಾಗುವುದಿಲ್ಲ. ಆಮೇಲೆ ಸುಪ್ರೀಂ ಕೋರ್ಟ್. ಆಮೇಲೆ ಮರುಪರಿಶೀಲನೆ, ಅದರ ನಂತರ ಇನ್ನೊಂದು ಅರ್ಜಿ. ರಾಜ್ಯಪಾಲರಿಗೆ ಕ್ಷಮಾದಾನದ ಅರ್ಜಿ. ರಾಷ್ಟ್ರಪತಿಗೆ ಕ್ಷಮಾದಾನದ ಅರ್ಜಿ. ಅದು ತಡವಾದರೆ ಆ ತಡದ ಮೇಲೇ ಮತ್ತೆ ಕೋರ್ಟು. ‘ಪ್ರತಿ ಸಲವೂ ಟಿವಿಯವರು ನಿಮ್ಮನೆಗೆ ಬರ್ತಾರೆ ಅಕ್ಕಾ’ ಎಂದರು.

ಅವರು ಪಾಲಾರ್ ಕೇಸಿನ ಉದಾಹರಣೆ ಕೊಟ್ಟರು. ವೀರಪ್ಪನ್ ಗುಂಪು 1993ರಲ್ಲಿ ನೆಲಬಾಂಬ್ ಸಿಡಿಸಿ 22 ಜನರನ್ನು ಕೊಂದಿತ್ತು. ಮೈಸೂರಿನ ಕೋರ್ಟ್ 2001ರಲ್ಲಿ ನಾಲ್ವರಿಗೆ ಜೀವಾವಧಿ ಕೊಟ್ಟಿತು. 2004ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ಗಲ್ಲುಶಿಕ್ಷೆಯಾಗಿ ಹೆಚ್ಚಿಸಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಕಾದರು. ಒಂಬತ್ತು ವರ್ಷದ ನಂತರ, 2013ರಲ್ಲಿ, ಕ್ಷಮಾದಾನ ತಿರಸ್ಕಾರವಾಯಿತು. 2014ರ ಜನವರಿಯಲ್ಲಿ, ಇಷ್ಟು ತಡ ಮಾಡಿದ್ದೇ ಒಂದು ಹಿಂಸೆ ಎಂದು ಆ ನಾಲ್ವರ ಗಲ್ಲು ಜೀವಾವಧಿಗೆ ಇಳಿಯಿತು. ಸತ್ತವರ ಮನೆಯವರು 21 ವರ್ಷ ಕಾದು, ಮೊದಲ ಕೋರ್ಟು ಕೊಟ್ಟ ಶಿಕ್ಷೆಗೇ ವಾಪಸ್ ಬಂದು ನಿಂತರು.

ಫೀಸು 1,500 ರೂಪಾಯಿ ತೆಗೆದುಕೊಂಡರು. ಹೊರಡುವಾಗ, ‘ಪರಿಹಾರಕ್ಕೆ ಅರ್ಜಿ ಹಾಕಿದ್ದೀರಲ್ವಾ?’ ಎಂದರು. ಯಾವ ಪರಿಹಾರ ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ಆ ವಿಷಯ ಆಮೇಲೆ ಬರೆಯುತ್ತೇನೆ.

ಮನೆಗೆ ಬಂದವಳು ಓದಲು ಶುರು ಮಾಡಿದೆ. ತೀರ್ಪುಗಳೆಲ್ಲ ಸುಪ್ರೀಂ ಕೋರ್ಟಿನ ಜಾಲತಾಣದಲ್ಲಿ ಬಿಟ್ಟಿ ಸಿಗುತ್ತವೆ, ಕೆಲವಕ್ಕೆ ಕನ್ನಡ ಅನುವಾದವೂ ಇದೆ. ಇಂಗ್ಲಿಷಿನವನ್ನು ಡಿಗ್ರಿ ಓದುವ ಮಗಳು ರಾತ್ರಿ ಊಟದ ಮೇಲೆ ಓದಿ ಹೇಳುತ್ತಿದ್ದಳು. ಅಣ್ಣ ಪಕ್ಕದಲ್ಲಿ ಅಡಿಕೆ ಸುಲಿಯುತ್ತಾ ಕೇಳುತ್ತಿದ್ದ.

ಮೊದಲು 1980ರ ಬಚ್ಚನ್ ಸಿಂಗ್ ತೀರ್ಪು. ಎಲ್ಲರೂ ಹೇಳುವ ‘ಅಪರೂಪದಲ್ಲಿ ಅಪರೂಪ’ ಎಂಬ ಮಾತು ಅದರದ್ದು. ಐವರಲ್ಲಿ ನಾಲ್ವರು ಗಲ್ಲು ಇರಲಿ ಎಂದರು, ನ್ಯಾಯಮೂರ್ತಿ ಪಿ.ಎನ್. ಭಗವತಿ ಒಬ್ಬರೇ ಬೇಡ ಎಂದರು. ಗಲ್ಲು ಇರಲಿ ಎಂದವರೂ, ಜೀವಾವಧಿಯೇ ಮಾಮೂಲಿ ಶಿಕ್ಷೆ, ಬೇರೆ ಯಾವ ದಾರಿಯೂ ಉಳಿಯದಿದ್ದಾಗ ಮಾತ್ರ ಗಲ್ಲು ಎಂದಿದ್ದಾರೆ. ಅಪರಾಧದ ಜೊತೆಗೆ ಅಪರಾಧಿಯನ್ನೂ ನೋಡಬೇಕು ಎಂದಿದ್ದಾರೆ. ಹೇಗೆ ನೋಡಬೇಕು ಎಂಬುದನ್ನು 2022ರ ಮನೋಜ್ ತೀರ್ಪು ಬಿಡಿಸಿ ಹೇಳುತ್ತದೆ. ಅವನು ಬೆಳೆದ ಮನೆ, ಮನಸ್ಸಿನ ಸ್ಥಿತಿ, ಜೈಲಿನಲ್ಲಿ ಅವನ ನಡತೆ, ಎಲ್ಲದರ ವರದಿ ತರಿಸಬೇಕು. ನಮ್ಮ ಕೇಸಿನ ಆ ಹತ್ತು ನಿಮಿಷ ನನ್ನ ಕಣ್ಣ ಮುಂದೆ ಬಂತು. ನಾನು ಕೇಳಿದ ಗಲ್ಲನ್ನು ಅವತ್ತೇ ಕೊಟ್ಟಿದ್ದರೆ ಮೇಲಿನ ಕೋರ್ಟಿನಲ್ಲಿ ಅದು ನಿಲ್ಲುತ್ತಿತ್ತೇ? ಕೆಳಗಿನ ಕೋರ್ಟುಗಳು ಕೊಟ್ಟ ಗಲ್ಲುಗಳಲ್ಲಿ ಕೊನೆಯವರೆಗೆ ಉಳಿದಿದ್ದು ನೂರಕ್ಕೆ ಐದರಷ್ಟು ಎಂದು ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ 2016ರ ವರದಿಯಲ್ಲಿದೆ.

ನನ್ನನ್ನು ಅಲ್ಲಾಡಿಸಿದ್ದು ಬೇರೆ ಎರಡು ಕೇಸು. ಮಹಾರಾಷ್ಟ್ರದಲ್ಲಿ ಅಲೆಮಾರಿ ಸಮುದಾಯದ ಆರು ಜನರಿಗೆ ಗಲ್ಲು ಆಗಿತ್ತು. 2009ರಲ್ಲಿ ಸುಪ್ರೀಂ ಕೋರ್ಟೇ ಅದು ಸರಿ ಎಂದಿತ್ತು. ಅದೇ ಕೋರ್ಟ್ 2019ರಲ್ಲಿ ಆರೂ ಜನ ನಿರಪರಾಧಿಗಳು ಎಂದು ಬಿಟ್ಟಿತು, ತಲಾ 5 ಲಕ್ಷ ಕೊಡಿಸಿತು. 16 ವರ್ಷ ಒಳಗಿದ್ದರು. ಇನ್ನೊಂದು, ರಾಜಸ್ಥಾನದ ರಾವ್ಜಿ ಎಂಬವನದ್ದು. ಅವನ ಶಿಕ್ಷೆಯನ್ನು ತೀರ್ಮಾನಿಸಿದ ಕ್ರಮವೇ ತಪ್ಪಿತ್ತು ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಅವನನ್ನು 1996ರಲ್ಲೇ ಗಲ್ಲಿಗೆ ಹಾಕಿ ಆಗಿತ್ತು. ಇದನ್ನು ಓದಿ ಮಗಳು ಸುಮ್ನೆ ಮೊಬೈಲ್ ಕೆಳಗಿಟ್ಟಳು.

ಅಣ್ಣ ಮೆಟ್ಟುಗತ್ತಿ ಪಕ್ಕಕ್ಕೆ ಸರಿಸಿದ. ‘ಒಂದು ಕೇಳಲಾ? ಸಹಿ ಹಾಕಿಸುವಾಗ ನನ್ನನ್ನು ಯಾಕೆ ಕೇಳಲಿಲ್ಲ?’ ಎಂದ.

ನನಗೆ ಉಸಿರು ಕಟ್ಟಿದಂತಾಯಿತು. ಅವನ ಸಹಿಯೂ ಆ ಹಾಳೆಯಲ್ಲಿತ್ತು. ನಾನೇ ಹಾಳೆ ಹಿಡಿದು, ಇಲ್ಲಿ ಹಾಕು ಎಂದಿದ್ದೆ. ನಿನಗೇನು ಬೇಕು ಎಂದು ಕೇಳಿರಲಿಲ್ಲ. ಹಾಗಾದರೆ ನಿನಗೇನು ಬೇಕು ಎಂದೆ. ಅವನು ತುಂಬ ಹೊತ್ತು ಮಾತಾಡಲಿಲ್ಲ. ‘ಆಯಿಯ ಆ ಫೋಟೋ ಮತ್ತೆ ಟಿವಿಯಲ್ಲಿ ಬರಬಾರದು. ಅವನು ಹೊರಗೆ ಬರಬಾರದು. ತೋಟದ ಮನೆಗೆ ಹೋಗಿ ಒಂದು ವಾರ ಇರಬೇಕು, ಯಾರಾದರೂ ಜೊತೆಗೆ ಬಂದರೆ’ ಎಂದ. ಗಲ್ಲಿನ ಮಾತು ಅವನ ಬಾಯಿಂದ ಬರಲೇ ಇಲ್ಲ. ನವರಾತ್ರಿ ರಜೆಯಲ್ಲಿ ನಾವೆಲ್ಲ ಹೋಗಿ ಆ ಮನೆಯಲ್ಲಿ ಎಂಟು ದಿನ ಇದ್ದೆವು. ಮೊದಲ ರಾತ್ರಿ ಯಾರಿಗೂ ನಿದ್ದೆ ಬರಲಿಲ್ಲ. ನಾಲ್ಕನೇ ದಿನ ಅವನು ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಕವಳ ಹಾಕಿದ.

ಅದಾದ ಮೇಲೆ ಮಾಸ್ತರ ಮನೆಗೆ ಹೋದೆ. ಈ ಸಲ ಕಷಾಯ ಕುಡಿದೆ. ಅವರು ತಮ್ಮ ಕಾರಣ ಹೇಳಿದರು. ನಲವತ್ತು ವರ್ಷ ತಾಳಮದ್ದಳೆಯಲ್ಲಿ ವಾಲಿಯ ಅರ್ಥ ಹೇಳಿದವರು ಅವರು. ಬಾಣ ತಾಗಿ ಬಿದ್ದ ವಾಲಿ ರಾಮನನ್ನೇ ಕೇಳುತ್ತಾನೆ, ಕೊಲ್ಲುವ ಅಧಿಕಾರ ನಿನಗೆ ಎಲ್ಲಿಂದ ಬಂತು ಎಂದು. ‘ರಾಮನ ಬಾಯಲ್ಲಿ ಎಷ್ಟೋ ಉತ್ತರ ಕೇಳಿದ್ದೇನೆ, ಒಳ್ಳೊಳ್ಳೆಯ ಉತ್ತರಗಳು. ಆದರೆ ಉತ್ತರ ಬರುವಾಗ ವಾಲಿ ಸಾಯುತ್ತಿರುತ್ತಾನೆ ತಂಗೀ’ ಎಂದರು. ಊರಿನವರಿಗೂ ಎರಡೂ ಕಡೆಯ ಮಾತು ಕೇಳಿಸಬೇಕು ಎಂದೆ. ಸಭೆ ನಡೆಸಿಕೊಡಲು ಒಪ್ಪಿದರು.

ಇಲ್ಲಿಂದ ಕಷ್ಟ ಶುರುವಾಯಿತು. ನವೆಂಬರಿನಿಂದ ಅಡಿಕೆಯ ಕೊನೆಕೊಯ್ಲು, ಯಾರೂ ಬರುವುದಿಲ್ಲ. ಹಾಗಾಗಿ 2025ರ ಫೆಬ್ರುವರಿಯ ಒಂದು ಭಾನುವಾರ ಗೊತ್ತು ಮಾಡಿದೆವು. ಮೊದಲು ಹಿಡಿದ ಸಭಾಭವನದವರು ಎರಡು ದಿನ ಇರುವಾಗ ಕೊಡುವುದಿಲ್ಲ ಎಂದರು. ‘ಕೊಲೆಗಾರನ ಪರ ಸಭೆಯಂತೆ’ ಎಂಬ ಮೆಸೇಜು ವಾಟ್ಸಾಪಿನಲ್ಲಿ ತಿರುಗುತ್ತಿತ್ತು, ಕೆಳಗೆ ನನ್ನ ಹೆಸರು. ಸಹಿ ಹಾಕಿದವರು ಪೇಟೆಯಲ್ಲಿ ಮುಖ ತಿರುಗಿಸಿದರು. ಅದು ಅಕ್ಕನಿಗೂ ಮುಟ್ಟಿತು. ಫೋನ್ ಮಾಡಿ, ‘ನಿನ್ನ ಆಯಿ ಆಗಿದ್ದರೆ?’ ಎಂದಳು. ನಾನು ಬಾಯಿ ತೆರೆಯುವ ಮೊದಲು ಇಟ್ಟಳು. ನಾಲ್ಕು ತಿಂಗಳು ಮಾತು ಬಿಟ್ಟಳು. ಈ ಇಡೀ ವರ್ಷದಲ್ಲಿ ನನಗೆ ಎಲ್ಲಕ್ಕಿಂತ ನೋವಾಗಿದ್ದು ಅದು. ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವಳಿಗೆ ಮೊದಲೇ ಹೇಳದೆ ಸಭೆ ಇಟ್ಟಿದ್ದು ನನ್ನ ತಪ್ಪು. ಇಂಥದ್ದಕ್ಕೆ ಕೈ ಹಾಕುವವರು ಮನೆಯ ಒಬ್ಬೊಬ್ಬರ ಹತ್ತಿರ ಕೂತು ಮಾತಾಡಿದ ಮೇಲೆಯೇ ಹೊರಗಿನವರನ್ನು ಕರೆಯಿರಿ.

ಕೊನೆಗೆ ಒಬ್ಬರ ಮನೆ ಅಂಗಳದಲ್ಲಿ ಚಪ್ಪರ ಹಾಕಿ ಸಭೆ ಮಾಡಿದೆವು. ಪೊಲೀಸ್ ಠಾಣೆಗೆ ಮೊದಲೇ ಬರೆದು ತಿಳಿಸಿದ್ದೆ, ಮೈಕಿಗೆ ಅನುಮತಿ ಪಡೆದಿದ್ದೆ. ಗಲಾಟೆಯಾಗಬಹುದು ಎಂದು ಯಾರೋ ದೂರು ಕೊಟ್ಟಾಗ ಆ ಕಾಗದವೇ ಕಾಪಾಡಿತು. 130 ಜನ ಬಂದರು.

ಮಾಸ್ತರು ತಾಳಮದ್ದಳೆಯ ಹಿರಿಯರು ಪಾಲಿಸುತ್ತಿದ್ದ ಒಂದು ನಿಯಮ ಹಾಕಿದರು. ಎದುರಿನವರು ಹೇಳಿದ್ದನ್ನು ಮೊದಲು ನಿಮ್ಮ ಬಾಯಲ್ಲಿ ಸರಿಯಾಗಿ ಹೇಳಿ, ಅವರು ಹೌದು ಎಂದ ಮೇಲೆ ನಿಮ್ಮ ಉತ್ತರ. ಇದರಿಂದಾಗಿ ಒಂದು ಕಿರುಚಾಟವೂ ಆಗಲಿಲ್ಲ. ಎಲ್ಲೇ ಸಭೆ ಮಾಡಿದರೂ ಈ ನಿಯಮ ಇಟ್ಟುಕೊಳ್ಳಿ.

ಗಲ್ಲು ಇರಬೇಕು ಎಂದು ಮಾತಾಡಿದವರು ನಿವೃತ್ತ ಪೊಲೀಸ್ ಅಧಿಕಾರಿ. ಅವರ ಮಾತು ತೂಕದ್ದಾಗಿತ್ತು. ಸಂವಿಧಾನದಲ್ಲೇ, ರಾಷ್ಟ್ರಪತಿಯ ಕ್ಷಮಾದಾನದ 72ನೇ ವಿಧಿಯಲ್ಲಿ, ಮರಣದಂಡನೆಯ ಪ್ರಸ್ತಾಪ ಇದೆ ಎಂದರು. 1967ರಲ್ಲಿ ಕಾನೂನು ಆಯೋಗ ತನ್ನ 35ನೇ ವರದಿಯಲ್ಲಿ, ಇಷ್ಟು ದೊಡ್ಡ, ಇಷ್ಟು ಬಗೆಯ ಜನರಿರುವ ದೇಶದಲ್ಲಿ ಇದನ್ನು ತೆಗೆದು ನೋಡುವ ಪ್ರಯೋಗ ಅಪಾಯ ಎಂದಿತ್ತು ಎಂದರು. ತಾವು ಹೊತ್ತು ಇಳಿಸಿದ ಶವಗಳ ಬಗ್ಗೆ ಹೇಳುವಾಗ ಅವರ ದನಿ ಒಡೆಯಿತು.

ಧಾರವಾಡದ ವಕೀಲೆ ಅವರ ಮಾತನ್ನು ಒಂದೂ ಬಿಡದೆ ಹೇಳಿ, ನಂತರ ಉತ್ತರ ಕೊಟ್ಟರು. ಅದೇ ಕಾನೂನು ಆಯೋಗ 2015ರಲ್ಲಿ, 262ನೇ ವರದಿಯಲ್ಲಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧದ ಯುದ್ಧ ಬಿಟ್ಟು ಉಳಿದೆಲ್ಲಕ್ಕೂ ಗಲ್ಲು ತೆಗೆಯಿರಿ ಎಂದಿದೆ. ಅಂಬೇಡ್ಕರ್ 1949ರ ಜೂನ್ 3ರಂದು ಸಂವಿಧಾನ ಸಭೆಯಲ್ಲೇ, ಮರಣದಂಡನೆಯನ್ನು ರದ್ದು ಮಾಡುವುದನ್ನೇ ತಾನು ಬೆಂಬಲಿಸುತ್ತೇನೆ ಎಂದಿದ್ದರು. ಉಮೇಶ್ ರೆಡ್ಡಿಯ ಕೇಸನ್ನೂ ತೆಗೆದರು. ಅವನು ಒಬ್ಬ ಹೆಂಗಸನ್ನು ಕೊಂದಿದ್ದು 1998ರಲ್ಲಿ. ಅವನನ್ನು ಬೆಳಗಾವಿ ಜೈಲಿನಲ್ಲಿ ಹತ್ತು ವರ್ಷ ಒಂಟಿಯಾಗಿ ಇಟ್ಟಿದ್ದು ಕಾನೂನಿಗೆ ವಿರುದ್ಧ ಎಂಬ ಕಾರಣಕ್ಕೆ 2022ರಲ್ಲಿ ಗಲ್ಲು ಹೋಗಿ, ಕನಿಷ್ಠ 30 ವರ್ಷದ ಜೈಲಾಯಿತು. ಆ ಹೆಂಗಸಿನ ಮನೆಯವರು 24 ವರ್ಷ ಏನು ಮಾಡಿದ್ದಿರಬಹುದು ಎಂದು ಕೇಳಿ ಕೂತರು.

ನಾನು ಬರೆದುಕೊಂಡು ಹೋಗಿದ್ದನ್ನು ಓದಿದೆ. ನನ್ನ ಸಹಿಯನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ ಎಂದೆ. ಉಳಿದ 1,139 ಜನರದ್ದು ಅವರವರಿಗೆ ಬಿಟ್ಟಿದ್ದು. ಅವನ ಮೇಲೆ ನನಗೆ ಕರುಣೆ ಹುಟ್ಟಿಲ್ಲ. ದೊಡ್ಡಾಯಿಯ ಸೀರೆ ಮಡಚುವಾಗ ಇವತ್ತಿಗೂ ಅವನು ಸಾಯಲಿ ಅನ್ನಿಸುತ್ತದೆ. ಆದರೆ ತಪ್ಪಾದರೆ ತಿದ್ದಲು ಬಾರದ ಕೆಲಸವನ್ನು, ನನ್ನ ಹೆಸರಿನಲ್ಲಿ, ಹತ್ತು ನಿಮಿಷದ ವಿಚಾರಣೆಯ ಮೇಲೆ ಮಾಡಿ ಎಂದು ನಾನು ಕೇಳಬಾರದಿತ್ತು. ಇಷ್ಟು ಹೇಳಿ ಕೂತೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದರು. ‘ನಾನು ಮನೆಯಲ್ಲಿ ಒಬ್ಬಳೇ. ಕತ್ತಲಾದರೆ ಭಯ. ಗಲ್ಲು ಇದ್ದರೂ ಇಲ್ಲದಿದ್ದರೂ ನನ್ನ ಬಾಗಿಲು ಕಾಯುವವರು ಯಾರು?’ ಎಂದರು. ವೇದಿಕೆಯಲ್ಲಿ ಇದ್ದವರು ಒಬ್ಬರ ಮುಖ ಒಬ್ಬರು ನೋಡಿದೆವು. ಪೊಲೀಸ್ ಅಧಿಕಾರಿಯೇ ಮೊದಲು ಮಾತಾಡಿದರು. ಕೊಲ್ಲಲು ಬಂದವನು ಶಿಕ್ಷೆಯ ಲೆಕ್ಕ ಹಾಕಿ ಬರುವುದಿಲ್ಲ, ಸಿಕ್ಕಿಬೀಳುತ್ತೇನೆ ಎನ್ನುವ ಭಯವೇ ಜಾಸ್ತಿ ಎಂದು ಒಪ್ಪಿಕೊಂಡರು. ಅಂದೇ 11 ಒಂಟಿ ಮನೆಗಳ ಪಟ್ಟಿ ಆಯಿತು. ಒಂದು ಸ್ವಿಚ್ ಒತ್ತಿದರೆ ಕೂಗುವ ಸೈರನ್ ಹಾಕಿಸಿದೆವು, ಮನೆಗೆ 650 ರೂಪಾಯಿ. ಮುಂದೆ ನಿಂತು ಹಾಕಿಸಿದವರು, ನನಗೆ ಮುಖ ತಿರುಗಿಸಿದವರಲ್ಲಿ ಇಬ್ಬರು.

ಚಪ್ಪರ, ಮೈಕು, ಅವಲಕ್ಕಿ, ಚಹಾ, ಕರಪತ್ರ, ವಕೀಲೆಯ ಹೋಗಿಬರುವ ಖರ್ಚು ಸೇರಿ 9,300 ರೂಪಾಯಿ ಆಯಿತು. ಮಾಸ್ತರು 2,000 ಕೊಟ್ಟರು, ಉಳಿದದ್ದು ನನ್ನದು. ಸಹಿ ಸಂಗ್ರಹದ ಜೆರಾಕ್ಸಿಗೆ ಬೇರೆ 1,100 ಹೋಗಿತ್ತು.

ಈಗ ಪರಿಹಾರದ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಕೊಲೆಯಾದವರ ಅವಲಂಬಿತರಿಗೆ ಸರ್ಕಾರದ ಸಂತ್ರಸ್ತರ ಪರಿಹಾರ ಯೋಜನೆ ಇದೆ. ಅರ್ಜಿ ಹಾಕಬೇಕಾದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ, ನಮ್ಮ ಜಿಲ್ಲೆಗೆ ಅದು ಕಾರವಾರದಲ್ಲಿದೆ. ಹೆಂಗಸರಿಗೂ ಅಂಗವಿಕಲರಿಗೂ ಆದಾಯ ಎಷ್ಟೇ ಇದ್ದರೂ ಅಲ್ಲಿ ಬಿಟ್ಟಿ ವಕೀಲರು ಸಿಗುತ್ತಾರೆ. ಮೂರು ವರ್ಷದಲ್ಲಿ ನೂರಾರು ಜನ ನಮ್ಮನೆಗೆ ಬಂದು ಗಲ್ಲಿನ ಮಾತಾಡಿ ಹೋದರು. ಇದನ್ನು ಯಾರೂ ಹೇಳಲಿಲ್ಲ. ಕಾಲು ಬಾರದ ಅಣ್ಣ ಅಷ್ಟೂ ದಿನ ಸುಲಿದ ಅಡಿಕೆಯ ಕೂಲಿಯಲ್ಲಿ ತನ್ನ ಔಷಧಿ ತರಿಸಿಕೊಂಡ.

ನಮ್ಮಿಂದ ಕೇಳಿದ್ದು ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ಮರಣ ಪ್ರಮಾಣಪತ್ರ, ತೀರ್ಪಿನ ನಕಲು, ವಂಶವೃಕ್ಷ, ಅಣ್ಣನ ಅಂಗವಿಕಲತೆಯ ಕಾರ್ಡು, ಆಧಾರ್, ಪಾಸ್‌ಬುಕ್. ವಂಶವೃಕ್ಷಕ್ಕೇ ಐದು ವಾರ ಹಿಡಿಯಿತು, ದೊಡ್ಡಾಯಿಯ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ತರಹ ಇತ್ತು. ತಡವಾಗಿದ್ದಕ್ಕೆ ಕಾರಣವನ್ನು ಬೇರೆ ಬರೆದು ಕೊಡಬೇಕಾಯಿತು. ನಮಗೆ ಗೊತ್ತಿರಲಿಲ್ಲ ಎಂದೇ ಬರೆದೆ. ಅಕ್ಕನ ಒಪ್ಪಿಗೆ ಪತ್ರವೂ ಬೇಕಾಗಿತ್ತು. ಮಗಳ ಕೈಯಲ್ಲಿ ಫೋನ್ ಮಾಡಿಸಿದೆ. ಅಕ್ಕ ಪತ್ರಕ್ಕೆ ಸಹಿ ಹಾಕಿ ಕಳಿಸಿದಳು. ಲಕೋಟೆಯಲ್ಲಿ ಅಣ್ಣನಿಗೆ ಒಂದು ಸ್ವೆಟರ್ ಇತ್ತು. ನನಗೆ ಒಂದು ಸಾಲೂ ಇರಲಿಲ್ಲ.

ಕಳೆದ ತಿಂಗಳು ದುಡ್ಡು ಅಣ್ಣನ ಖಾತೆಗೆ ಬಂತು. ತೋಟದ ಮನೆಗೆ ಇಳಿಜಾರಿನ ದಾರಿ ಮಾಡಿಸಬೇಕು, ಗಾಲಿಕುರ್ಚಿ ಜಗುಲಿಯವರೆಗೆ ಹೋಗಬೇಕು ಎಂದ. ಮೇಸ್ತ್ರಿ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾನೆ.

ಸರ್ಕಾರ ಮೇಲ್ಮನವಿ ಹಾಕಲಿಲ್ಲ. ಅಪರಾಧಿ ಹಾಕಿದ್ದಾನೆ, ಧಾರವಾಡದಲ್ಲಿ ಬಾಕಿ ಇದೆ. ನಿಮ್ಮ ಕೇಸಿನ ಸಿಎನ್‌ಆರ್ ಸಂಖ್ಯೆಯನ್ನು (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ತಾರೀಕು ತಿಳಿಯುತ್ತದೆ, ಸುಮ್ನೆ ಓಡಾಡುವುದು ತಪ್ಪುತ್ತದೆ. ನಾನು ಸೋಮವಾರಕ್ಕೊಮ್ಮೆ ನೋಡುತ್ತೇನೆ. ಮೊನ್ನೆ ಸೋಮವಾರ ಅಕ್ಕನ ಫೋನ್ ಬಂತು. ‘ತಾರೀಕು ಯಾವಾಗ?’ ಎಂದಳು. ಹೇಳಿದೆ. ‘ನಾನೂ ಬರ್ತೆ’ ಎಂದಳು. ಧಾರವಾಡಕ್ಕೆ ಬೆಳಿಗ್ಗೆ ಎಷ್ಟು ಗಂಟೆಗೆ ಬಸ್ಸಿದೆ ಎಂದು ಕೇಳಿ, ಆಮೇಲೆ ಅಣ್ಣನಿಗೆ ಫೋನ್ ಕೊಡು ಎಂದಳು.